ಸೋತವರ ಸಹಿ

ಹನ್ನೆರಡು ವರ್ಷಗಳಲ್ಲಿ ಶಶಿಪ್ರಭಾ ಗೆದ್ದದ್ದು ಹತ್ತೊಂಬತ್ತು ಬಾಳೆಗೊನೆ. ಅದರಲ್ಲಿ ಒಂದೂ ಉಳಿದಿಲ್ಲ.

ನಮ್ಮ ಕಡೆ ಕಬಡ್ಡಿಯಲ್ಲಿ ಗೆದ್ದವರಿಗೆ ಟ್ರೋಫಿ, ವಾಲಿಬಾಲಿನಲ್ಲಿ ಗೆದ್ದವರಿಗೆ ಟ್ರೋಫಿ, ಹಗ್ಗಜಗ್ಗಾಟದಲ್ಲಿ ಗೆದ್ದವರಿಗೆ ಬಾಳೆಗೊನೆ. ಯಾರು ಮಾಡಿದ ನಿಯಮವೋ ಗೊತ್ತಿಲ್ಲ. ಗೊನೆ ಹಣ್ಣಾಗಿದ್ದರೆ ತಂಡದ ಎಂಟು ಮಂದಿಯೂ ಗದ್ದೆಯ ಬದಿಯಲ್ಲಿ ಕುಳಿತು ಕೆಸರಿನ ಕೈಯಲ್ಲೇ ಸುಲಿದು ತಿನ್ನುತ್ತಾರೆ. ಕಾಯಿಯಾಗಿದ್ದರೆ ಪಾಲು ಮಾಡಿ ಮನೆಗೆ ಒಯ್ಯುತ್ತಾರೆ, ಮೂರನೆಯ ದಿನ ಹಿಟ್ಟಿನಲ್ಲಿ ಅದ್ದಿ ಪೋಡಿ ಕರಿಯುತ್ತಾರೆ. ಗೆಲುವು ಹೀಗೆ ಹೊಟ್ಟೆಗೆ ಹೋಗಿ ಮುಗಿಯುತ್ತದೆ. ಮುಗಿದದ್ದಕ್ಕೆ ಯಾರೂ ಬೇಸರ ಮಾಡಿಕೊಂಡದ್ದಿಲ್ಲ. ಕಳೆದ ಜುಲೈಯಲ್ಲಿ ಮೂಡುಬಿದಿರೆ ಕಡೆಯ ಕಾಲೇಜೊಂದು ‘ಸಾಧನೆಗೆ ದಾಖಲೆ ಲಗತ್ತಿಸಿ’ ಎಂದು ಕೇಳುವವರೆಗೂ ಶಶಿಯಕ್ಕನಿಗೂ ಬೇಸರವಿರಲಿಲ್ಲ.

ಶಶಿಯಕ್ಕ ನಮ್ಮ ಪಕ್ಕದ ಮನೆಯವರು. ವಯಸ್ಸು ನಲವತ್ತಮೂರು. ನರಿಕೊಂಬಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾರೆ. ನೂರಾ ನಲವತ್ತು ಮಕ್ಕಳ ಅನ್ನ ಬಸಿದು, ತೊಳೆದ ಪಾತ್ರೆ ಕವುಚಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ಅಂಗಳಕ್ಕೆ ಇಳಿಯುವಾಗ ಏಳನೆಯ ಎಂಟನೆಯ ತರಗತಿಯ ಹುಡುಗಿಯರು ಹಗ್ಗ ಹಿಡಿದು ನಿಂತಿರುತ್ತಾರೆ. ಯಾರೂ ವಹಿಸಿದ ಕೆಲಸವಲ್ಲ ಅದು. ಆರು ವರ್ಷದಿಂದ ಶಶಿಯಕ್ಕ ಹೇಳಿಕೊಡುತ್ತಿದ್ದಾರೆ, ಹುಡುಗಿಯರು ಗೆಲ್ಲುತ್ತಿದ್ದಾರೆ. ಆದರೆ ತಾಲೂಕು ಮಟ್ಟದ ಆಟಕ್ಕೆ ಹೋದರೆ ಸುಣ್ಣದ ಗೆರೆಯ ಒಳಗೆ ತರಬೇತುದಾರರು ಮಾತ್ರ ನಿಲ್ಲಬಹುದು. ತರಬೇತುದಾರರಾಗಲು ಪದವಿ ಬೇಕು. ಗೆರೆಯ ಒಳಗೆ ಗಣಿತದ ಮೇಷ್ಟ್ರು ಪೀಪಿ ಕೊರಳಿಗೆ ಹಾಕಿ ನಿಲ್ಲುತ್ತಾರೆ. ಹಗ್ಗದ ಬಗ್ಗೆ ಅವರಿಗೆ ತಿಳಿದಿರುವುದು ಅದಕ್ಕೆ ಎರಡು ತುದಿ ಉಂಟು ಎಂಬುದು. ಗೆರೆಯ ಹೊರಗೆ, ಐಸ್‌ಕ್ಯಾಂಡಿಯವನ ಪೆಟ್ಟಿಗೆಯ ಪಕ್ಕ ನಿಂತು ಶಶಿಯಕ್ಕ ಬೊಬ್ಬೆ ಹೊಡೆಯುತ್ತಾರೆ. ಹೋದ ವರ್ಷ ಒಬ್ಬ ಅಧಿಕಾರಿ ಬಂದು, “ಅಮ್ಮ, ಸ್ವಲ್ಪ ಆಚೆ ಹೋಗಿ, ನೀವು ಯಾರು?” ಎಂದು ಕೇಳಿದರು. “ಅಡಿಗೆಯವಳು” ಎಂದರಂತೆ ಶಶಿಯಕ್ಕ. ಹೇಳಿದ್ದು ನಿಜವೇ. ಆದರೂ ಆ ದಿನ ಮನೆಗೆ ಬಂದವರು ಚಹಾ ಕುಡಿಯಲಿಲ್ಲ.

ಪಿಯುಸಿಯನ್ನು ಅವರು ಎರಡನೆಯ ದರ್ಜೆಯಲ್ಲಿ ಪಾಸು ಮಾಡಿ ಇಪ್ಪತ್ತೈದು ವರ್ಷವಾಗಿತ್ತು. ದೈಹಿಕ ಶಿಕ್ಷಣದ ಪದವಿ ಇರುವುದು ಆ ಕಾಲೇಜಿನಲ್ಲಿ. ಅದಕ್ಕೆ ಅವರದೇ ಪ್ರವೇಶ ಪರೀಕ್ಷೆ. ಹಿಂದಿನ ವರ್ಷ ಶಶಿಯಕ್ಕ ಅದನ್ನೂ ಬರೆದು ನೋಡಿದ್ದರು. ಬರೆಯುವುದೆಂದರೆ ಕಂಪ್ಯೂಟರಿನಲ್ಲಿ ಒತ್ತುವುದು. ನೂರಕ್ಕೆ ಹದಿನಾಲ್ಕು ಬಂತು.

“ಒಂದು ರೈಲು ಇನ್ನೊಂದು ರೈಲನ್ನು ದಾಟಲಿಕ್ಕೆ ಎಷ್ಟು ಹೊತ್ತು ಬೇಕು ಅಂತ ಕೇಳಿದ್ದಾರೆ,” ಎಂದು ಅವರು ಜಗಲಿಯಲ್ಲಿ ಕುಳಿತು ದೂರಿದ್ದರು. “ಬಿ.ಸಿ.ರೋಡಿನಲ್ಲಿ ಒಂದು ಬಸ್ಸು ಇನ್ನೊಂದು ಬಸ್ಸನ್ನು ದಾಟುವುದು ಕೇಳಿದ್ದರೆ ನಾನು ಹೇಳ್ತಿದ್ದೆ.”

“ಅದಕ್ಕೆ ಉತ್ತರವೇ ಇಲ್ಲ,” ಎಂದರು ಅವರ ಗಂಡ ಶಂಭು. ಬಿ.ಸಿ.ರೋಡಿನಲ್ಲಿ ಟೆಂಪೋ ಓಡಿಸುವವರು ಅವರು. “ದಾಟುವವ ಬ್ರೇಕ್ ಹಾಕುವುದಿಲ್ಲ, ಮುಂದಿನವ ಜಾಗ ಕೊಡುವುದಿಲ್ಲ. ಹಿಂದೆ ನಾನು, ಗೇರು ಬೀಜದ ಲೋಡು.”

ಕಳೆದ ಜುಲೈಯಲ್ಲಿ ಕಾಲೇಜಿನವರು ಇನ್ನೊಂದು ಬಾಗಿಲು ತೆರೆದರು. ಮೂವತ್ತೈದು ದಾಟಿದ, ಪಿಯುಸಿ ಆದ, ಒಂದು ಕ್ಷೇತ್ರದಲ್ಲಿ ಹತ್ತು ವರ್ಷ ಕೈ ಪಳಗಿದವರಿಗೆ ಎಲ್ಲ ವಿಭಾಗಗಳೂ ಸೇರಿ ನಾಲ್ಕು ಸೀಟು. ಪ್ರವೇಶ ಪರೀಕ್ಷೆ ಇಲ್ಲ, ಸಂದರ್ಶನ ಮಾತ್ರ. ಪತ್ರಿಕೆಯ ತುಂಡನ್ನು ಅಕ್ಕಿ ಡಬ್ಬದ ಮುಚ್ಚಳಕ್ಕೆ ಅಂಟಿಸಿಟ್ಟು, ಮರುದಿನವೇ ಅವರು ರಜೆ ಹಾಕಿ ನನ್ನನ್ನೂ ಎಳೆದುಕೊಂಡು ಸಿದ್ಧಕಟ್ಟೆ ದಾರಿಯ ಬಸ್ಸು ಹತ್ತಿದರು. ನಾನು ಬಿ.ಎ. ಎರಡನೆಯ ವರ್ಷದವಳು. ಅರ್ಜಿ ತುಂಬುವುದು ನನಗೆ ಬರುತ್ತದೆ ಎಂಬುದು ಓಣಿಯ ನಂಬಿಕೆ.

ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವವರು ಮಹಾವೀರ ಎಂಬ ಅಧೀಕ್ಷಕರು. ತೆಳ್ಳಗಿನ ಮನುಷ್ಯ, ನಿಧಾನದ ಮಾತು. ಶಶಿಯಕ್ಕ ಮೊಬೈಲಿನಲ್ಲಿದ್ದ ಫೋಟೋಗಳನ್ನು ಒಂದೊಂದಾಗಿ ತೋರಿಸಿದರು. ಮಹಾವೀರ ಕನ್ನಡಕವನ್ನು ಹಣೆಗೇರಿಸಿ ನೋಡಿದರು, ಮೂಗಿಗಿಳಿಸಿ ನೋಡಿದರು.

“ಇದರಲ್ಲಿ ನೀವು ಯಾರಮ್ಮ?”

“ಗೊನೆ ಹೊತ್ತವಳು ಸರ್.”

“ಮುಖ ಎಲ್ಲಿ?”

“ಗೊನೆಯ ಹಿಂದೆ.”

ಹತ್ತೊಂಬತ್ತು ಫೋಟೋಗಳಲ್ಲೂ ಹಾಗೆಯೇ. ತಂಡದಲ್ಲಿ ಬಲ ಹೆಚ್ಚಿದ್ದವರು ಶಶಿಯಕ್ಕ. ಆದ್ದರಿಂದ ಗೊನೆ ಹೊರುವುದೂ ಅವರೇ. ಉಳಿದ ಏಳು ಮಂದಿ ಹಲ್ಲು ಬಿಟ್ಟು ನಿಂತಿದ್ದಾರೆ. ನಡುವೆ ಎರಡು ಕಾಲು, ಅದರ ಮೇಲೊಂದು ಬಾಳೆಗೊನೆ.

“ಗೊನೆ ನಿಮ್ಮ ಪರವಾಗಿ ಸಂದರ್ಶನಕ್ಕೆ ಬರುವುದಿಲ್ಲವಲ್ಲ,” ಎಂದರು ಮಹಾವೀರ ನಗದೆ. “ಆಟ ನಡೆಸಿದ ಸಂಘದವರು ಏನಾದರೂ ಬರೆದು ಕೊಟ್ಟದ್ದು?”

“ಮೈಕಿನಲ್ಲಿ ಹೇಳ್ತಾರೆ ಸರ್. ಬರೆಯುವುದಿಲ್ಲ. ಅರ್ಧ ಸಂಘ ಈಗ ಇಲ್ಲವೇ ಇಲ್ಲ.”

ಮಹಾವೀರ ನಿಯಮದ ಹಾಳೆ ತಿರುವಿದರು. ಪ್ರಮಾಣಪತ್ರ ಇಲ್ಲದಿದ್ದರೆ ಮೂರು ಸಾಕ್ಷಿಪತ್ರ ಆಗಬಹುದು. “ಆದರೆ ನಿಮ್ಮ ತಂಡದವರದ್ದು ಬೇಡ. ಅವರು ಹೊಗಳದೆ ಇನ್ನೇನು ಮಾಡ್ತಾರೆ? ನೆಂಟರದ್ದೂ ಬೇಡ. ಕಡಿಮೆಯೆಂದರೆ ಎರಡು ಪತ್ರ ನಿಮ್ಮೆದುರು ಆಡಿದವರದ್ದು ಇರಲಿ. ಹನ್ನೆರಡನೆಯ ತಾರೀಕಿನ ಒಳಗೆ.”

ಹಿಂದಿರುಗುವ ಬಸ್ಸು ಸಿದ್ಧಕಟ್ಟೆ ದಾಟಿತು. ಆಮೇಲೆ ಶಶಿಯಕ್ಕ ಹೇಳಿದರು: “ಸೋತವರ ಹತ್ತಿರ ಹೋಗಿ, ನೀನು ಸೋತದ್ದು ಹೌದು ಅಂತ ಬರೆದುಕೊಡು ಅನ್ನಬೇಕು. ಇದಕ್ಕಿಂತ ಆ ರೈಲೇ ಒಳ್ಳೆದಿತ್ತು.”

ಮೊದಲನೆಯ ಪತ್ರ ಸುಲಭದಲ್ಲಿ ಸಿಕ್ಕಿತು. ಬಿ.ಸಿ.ರೋಡಿನ ಬಾಳೆಹಣ್ಣಿನ ವ್ಯಾಪಾರಿ ಅಬ್ದುಲ್ ರವೂಫ್ ಅವರದ್ದು. ಸುತ್ತಲಿನ ಆಟಗಳಿಗೆ ಗೊನೆ ಹೋಗುವುದು ಅವರ ಅಂಗಡಿಯಿಂದಲೇ. ಕೊಟ್ಟ ಮೇಲೆ ಆಟ ನೋಡದೆ ಅವರು ಹಿಂದಿರುಗುವುದಿಲ್ಲ. ಯಾವ ವರ್ಷ ಯಾವ ಊರಿಗೆ ಯಾವ ಜಾತಿಯ ಬಾಳೆ ಎಂಬುದೆಲ್ಲ ಅವರಿಗೆ ನೆನಪಿತ್ತು. “ಸಿದ್ಧಕಟ್ಟೆಯದ್ದು ನೇಂದ್ರ. ಹದಿನೆಂಟು ಕಿಲೋ. ಅದನ್ನು ಈ ಅಕ್ಕ ಒಂದೇ ಕೈಯಲ್ಲಿ ಎತ್ತಿದ್ದು ನಾನು ಕಣ್ಣಾರೆ ಕಂಡದ್ದು,” ಎಂದು ಹೇಳಿ ಬರೆಸಿದರು. ಪತ್ರದ ತುಂಬ ಬಾಳೆಯೇ ಇತ್ತು. ಶಶಿಯಕ್ಕ ಅಲ್ಲಲ್ಲಿ ಬಂದು ಹೋಗುತ್ತಿದ್ದರು.

ಎರಡನೆಯದಕ್ಕೆ ಕಲ್ಲಡ್ಕಕ್ಕೆ ಹೋದೆವು. ಅಲ್ಲಿಯ ಶಾಲೆಯ ತಾಯಂದಿರ ತಂಡದ ನಾಯಕಿ ಬೀಪಾತುಮ್ಮ. ಶಾಲೆಗೆ ಬರುತ್ತಿದ್ದ ಮೊಮ್ಮಕ್ಕಳ ಲೆಕ್ಕದಲ್ಲಿ ತಂಡಕ್ಕೆ ಸೇರಿದವರು. ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದವರು ವಿಷಯ ಕೇಳಿ ಮೆಟ್ಟುಕತ್ತಿ ಬದಿಗಿಟ್ಟು ನಗತೊಡಗಿದರು. ನಿಲ್ಲಿಸುವ ಲಕ್ಷಣ ಕಾಣಲಿಲ್ಲ.

“ಸೋತದ್ದಕ್ಕೆ ಸರ್ಟಿಫಿಕೇಟಾ! ಅಲ್ಲ ಮಾರಾಯ್ತಿ, ನಾನು ಮೂರು ಸಲ ಸೋತಿದ್ದೇನೆ ನಿನ್ನ ಕೈಯಲ್ಲಿ. ಮೂರನ್ನೂ ಬರೆಯುವುದಾ?”

“ಬರೆದರೆ ಒಳ್ಳೆದು ಬೀಪಾತುಮ್ಮ.”

“ಬರಿ ಮಗಳೇ,” ಎಂದು ನನ್ನತ್ತ ತಿರುಗಿದರು. “ಇವಳು ಹಗ್ಗದ ಕೊನೆಯಲ್ಲಿ ನಿಂತರೆ ಮನುಷ್ಯರನ್ನು ಎಳೆದ ಹಾಗೆ ಆಗುವುದಿಲ್ಲ, ಹಲಸಿನ ಮರ ಎಳೆದ ಹಾಗೆ ಆಗ್ತದೆ ಅಂತ ಬರಿ. ಕಾಲೇಜಿನವರು ಸೀಟು ಕೊಡದಿದ್ದರೆ ನಾವೇ ಬಂದು ಎಳೀತೇವೆ ಅಂತಲೂ ಬರಿ.”

ಕೊನೆಯ ವಾಕ್ಯ ಬಿಟ್ಟು ಉಳಿದದ್ದನ್ನು ಬರೆದೆ. ಅವರು ಕೈ ತೊಳೆದು ಬಂದು ಸಹಿ ಹಾಕಿದರು. ಹೊರಡುವಾಗ ಅರ್ಧ ಡಜನ್ ಬಂಗುಡೆ ಮೀನನ್ನೂ ಕಟ್ಟಿಕೊಟ್ಟರು.

ಮೂರನೆಯದು ಸಾಧನಾ. ಅಲ್ಲಿ ಎಲ್ಲ ನಿಂತಿತು.

ವೇಣೂರಿನ ಹತ್ತಿರದ ಜೈನರ ಮನೆ ಅವರದ್ದು. ದೊಡ್ಡ ಬೇಸಾಯ, ಹಟ್ಟಿಯಲ್ಲಿ ಹನ್ನೆರಡು ದನ, ಊರಿನ ಹಾಲಿನ ಸೊಸೈಟಿಯ ಅಧ್ಯಕ್ಷೆ. ಬೆಳ್ತಂಗಡಿ ತಾಲೂಕಿನ ಮಹಿಳಾ ತಂಡಗಳಲ್ಲಿ ಅವರದನ್ನು ಸೋಲಿಸಿದವರಿಲ್ಲ, ಎಂಟು ವರ್ಷದ ಹಿಂದೊಮ್ಮೆ ಸಿದ್ಧಕಟ್ಟೆಯಲ್ಲಿ ಶಶಿಯಕ್ಕನ ತಂಡ ಸೋಲಿಸಿದ್ದನ್ನು ಬಿಟ್ಟರೆ. ಬೇರೆ ಯಾವ ತಂಡದ ಪತ್ರವಾದರೂ ಆಗುತ್ತಿತ್ತು. ಆದರೆ ಉಳಿದ ನಾಯಕಿಯರಲ್ಲಿ ಒಬ್ಬರು ಮಸ್ಕತ್ತಿನಲ್ಲಿ ಮಗಳ ಬಾಣಂತನದಲ್ಲಿದ್ದರು. ಇನ್ನೊಬ್ಬರು ಶಂಭಣ್ಣನ ಅತ್ತಿಗೆ, ಅಂದರೆ ನೆಂಟರು. ಬೇರೆಯವರ ಹೆಸರೂ ವಿಳಾಸವೂ ಯಾರಿಗೂ ನೆನಪಿರಲಿಲ್ಲ.

ಸಾಧನಾ ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ವಿಷಯ ಕೇಳಿದರು. ಆಮೇಲೆ ಬಹಳ ಮರ್ಯಾದೆಯಿಂದ, “ಯಾವ ಸೋಲು?” ಎಂದರು.

“ಸಿದ್ಧಕಟ್ಟೆಯದ್ದು.”

“ಅದು ಸೋಲಾ? ನಮ್ಮ ಬದಿ ಗದ್ದೆ ತಗ್ಗಿತ್ತು. ಪೀಪಿ ಊದಿದವ ಯಾರು? ನಿನ್ನ ಗಂಡನ ಭಾವ.”

“ಭಾವ ಅಲ್ಲ, ಚಿಕ್ಕಪ್ಪನ ಮಗ.”

“ನೋಡು, ಒಪ್ಪಿದಳು!”

“ಸಾಧನಾ, ತಗ್ಗು ಇದ್ದದ್ದು ಮೊದಲ ಸುತ್ತಿಗೆ. ಎರಡನೆಯದಕ್ಕೆ ಬದಿ ಬದಲಾಯಿಸಿದ್ದೇವಲ್ಲ? ಆಗ ತಗ್ಗು ನಮಗೆ ಬಂತಲ್ಲ?”

“ಬಂತು. ಆದರೆ ನಿನ್ನಂಥವಳು ನಿಂತರೆ ತಗ್ಗು ತಗ್ಗಾಗಿಯೇ ಉಳೀತದಾ?”

ಹೊಗಳಿಕೆಯೋ ಜಗಳವೋ ತಿಳಿಯದೆ ಶಶಿಯಕ್ಕ ಮಜ್ಜಿಗೆ ಕುಡಿದರು. ಸಾಧನಾ ಎದ್ದು ಸೆರಗು ಸರಿಮಾಡಿಕೊಂಡರು. “ಒಂದು ಕೆಲಸ ಮಾಡುವ. ಭಾನುವಾರ ನಿನ್ನ ಎಂಟು ಜನ ಕರಕೊಂಡು ಬಾ. ನಮ್ಮ ಗದ್ದೆ ಸಮತಟ್ಟು ಉಂಟು, ಬೇಕಾದರೆ ನೀರು ನಿಲ್ಲಿಸಿ ನೋಡು. ಸೋತರೆ ಎರಡು ಸೋಲನ್ನೂ ಒಟ್ಟಿಗೆ ಬರೆದುಕೊಡ್ತೇನೆ.”

ಭಾನುವಾರ ಹತ್ತನೆಯ ತಾರೀಕು. ಪತ್ರ ತಲುಪಬೇಕಾದದ್ದು ಮಂಗಳವಾರ. ಶಶಿಯಕ್ಕ, “ಬರ್ತೇವೆ” ಎಂದರು.

ಶಂಭಣ್ಣ ಟೆಂಪೋವನ್ನು ತೊಳೆದು ತಂದರು. ಆದರೂ ಗೇರು ಬೀಜದ ವಾಸನೆ ಹೋಗಿರಲಿಲ್ಲ. ತಂಡದಲ್ಲಿ ಒಬ್ಬರಿಗೆ ಜ್ವರ. ಎಂಟನೆಯವಳಾಗಿ ನನ್ನನ್ನು ಹತ್ತಿಸಿದರು. ನಾನು ನಲವತ್ತಾರು ಕಿಲೋ. ದಾರಿಯಲ್ಲಿ ಯಾರೋ ನನ್ನ ಕಿಸೆಗೆ ಕಲ್ಲು ಹಾಕುವ ಸಲಹೆ ಕೊಟ್ಟರು. ಉಳಿದವರು ಅದನ್ನು ಸ್ವಲ್ಪ ಹೊತ್ತು ಯೋಚಿಸಿದ್ದು ನನಗೆ ಕಂಡಿತು.

ಆಟ ಮೂರೂವರೆಗೆ. ಕತ್ತಲಾಗುವ ಮೊದಲು ತಮ್ಮ ಮನೆಯ ಊಟ ಆಗಬೇಕು, ತಡಮಾಡಬೇಡಿ ಎಂದು ಸಾಧನಾ ಮೊದಲೇ ಹೇಳಿದ್ದರು. ಊರಿನ ಅರ್ಧ ಜನ ಬದುವಿನ ಮೇಲಿದ್ದರು. ಪೀಪಿ ಊದಲು ಎರಡೂ ಕಡೆಗೆ ಸಂಬಂಧವಿಲ್ಲದ ತುಕ್ರಪ್ಪ ಎಂಬ ಹಿರಿಯರನ್ನು ಕರೆಸಿದ್ದರು. ಎರಡು ಕಡೆಯವರ ಕೈಯಿಂದಲೂ ಅವರು ಏನನ್ನೂ ಕುಡಿಯಲಿಲ್ಲ. ಬಾಟಲಿಯಲ್ಲಿ ಮನೆಯಿಂದಲೇ ನೀರು ತಂದಿದ್ದರು.

ಮೊದಲ ಸುತ್ತು ನಮ್ಮದಾಯಿತು. ನಾನು ಹಗ್ಗ ಹಿಡಿದಿದ್ದೆ ಎನ್ನುವುದಕ್ಕಿಂತ ಹಗ್ಗ ನನ್ನನ್ನು ಹಿಡಿದಿತ್ತು. ಹಿಂದಿನಿಂದ ಶಶಿಯಕ್ಕನ ದನಿ ಬರುತ್ತಿತ್ತು: “ಹಿಡಿ... ಹಿಡಿ... ಈಗ!” ಆ ‘ಈಗ’ಕ್ಕೆ ನೆಲವೇ ಒಂದು ಹೆಜ್ಜೆ ಹಿಂದೆ ಸರಿದ ಹಾಗಾಗುತ್ತಿತ್ತು. ಎರಡನೆಯ ಸುತ್ತು ಅವರದ್ದು. ಮೂರನೆಯದು ಬಹಳ ಹೊತ್ತು ಅಲುಗಲಿಲ್ಲ. ಹದಿನಾರು ಹೆಂಗಸರ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ, ನಡುವಿನ ಬಿಳಿ ಬಟ್ಟೆ ಗಾಳಿಗೆ ಒಮ್ಮೆ ಅತ್ತ ಒಮ್ಮೆ ಇತ್ತ. ಆಮೇಲೆ ನನ್ನ ಕಾಲು ಜಾರಿತು. ನನ್ನ ಮೇಲೆ ಒಬ್ಬರು, ಅವರ ಮೇಲೆ ಇನ್ನೊಬ್ಬರು. ಶಶಿಯಕ್ಕ ಒಬ್ಬರೇ ನಿಂತಿದ್ದರು. ನಿಂತ ಹಾಗೆಯೇ ಗೆರೆ ದಾಟಿ ಹೋದರು.

ಬದುವಿನ ಮೇಲೆ ಕುಣಿತ ಶುರುವಾಯಿತು. ನಾನು ಕೆಸರಿನಲ್ಲೇ ಕುಳಿತಿದ್ದೆ. ಶಶಿಯಕ್ಕ ಬಂದು ಕೈ ಹಿಡಿದು ಎಬ್ಬಿಸಿದರು. “ಪೆಟ್ಟಾಯಿತಾ?” ಎಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಕೈಕಾಲು ತೊಳೆದು ಟೆಂಪೋದತ್ತ ಹೊರಟಿದ್ದೆವು. ಸಾಧನಾ ದಾರಿಗೆ ಅಡ್ಡ ಬಂದರು. “ಊಟ ಮಾಡದೆ ಹೋಗುವುದಾ? ಎಂತ ಜನ ನೀವು?” ಮುಖ ಮಿಂದ ಹಾಗೆ ಹೊಳೆಯುತ್ತಿತ್ತು. ಎಂಟು ವರ್ಷದ ಭಾರ ಇಳಿಸಿದವರ ಮುಖ. ಎಲೆ ಹಾಕಿ, ತಾವೇ ಸಾರು ಬಡಿಸುತ್ತಾ, ಯಾರೂ ಕೇಳದೆ ಅವರೇ ಮಾತು ತೆಗೆದರು.

“ಆ ಸಿದ್ಧಕಟ್ಟೆಯಲ್ಲಿ ನಾವು ಸೋತದ್ದೇ. ತಗ್ಗೂ ಇಲ್ಲ, ಎಂತದ್ದೂ ಇಲ್ಲ. ಪತ್ರ ಬರೆಯುವ. ಆದರೆ ಇವತ್ತಿನದ್ದೂ ಅದರಲ್ಲಿ ಬರಬೇಕು.”

ಶಶಿಯಕ್ಕನ ತುತ್ತು ಅರ್ಧದಲ್ಲಿ ನಿಂತಿತು. “ನಾನು ಸೋತದ್ದು ಬರೆದ ಪತ್ರ ಕೊಟ್ಟು ನಾನು ಸೀಟು ಕೇಳುವುದಾ?”

“ಸುಳ್ಳು ಬರೆಯಬೇಕಾ?”

“ಸುಳ್ಳು ಬೇಡ. ಅರ್ಧ ಬರೆದರೆ ಸಾಕು.”

“ಅರ್ಧ ಬರೆದರೆ ನಾನು ಬರೇ ಸೋತವಳಾಗ್ತೇನೆ,” ಎಂದರು ಸಾಧನಾ. “ಆ ಕಾಗದ ಕಾಲೇಜಿನಲ್ಲಿ ಎಷ್ಟು ವರ್ಷ ಇರ್ತದೋ! ಎರಡೂ ಬರೆಯುವುದಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಇನ್ನು ಸ್ವಲ್ಪ ಪಾಯಸ ಹಾಕ್ತೇನೆ.”

ಬರೆದದ್ದು ನಾನೇ. ಸೊಸೈಟಿಯ ಮುದ್ರೆಯನ್ನೂ ಒತ್ತಿಸಿಕೊಂಡೆ. ಮೊದಲ ಪ್ಯಾರಾದಲ್ಲಿ ಎಂಟು ವರ್ಷದ ಹಿಂದಿನ ಸೋಲು ನಾಲ್ಕು ಸಾಲು. ಎರಡನೆಯದರಲ್ಲಿ ಆ ದಿನದ ಗೆಲುವು ಹನ್ನೊಂದು ಸಾಲು. ತುಕ್ರಪ್ಪನವರು ಮನೆಯಿಂದ ತಂದ ನೀರಿನ ಸಂಗತಿಯೂ ಅದರಲ್ಲಿತ್ತು.

ಹಿಂದಿರುಗುವಾಗ ಶಂಭಣ್ಣ ಸಮಾಧಾನ ಹೇಳಲು ನೋಡಿದರು. “ಎರಡನೇ ಪ್ಯಾರಾದ ಮೇಲೆ ಚಹಾ ಚೆಲ್ಲಿದರೆ?”

“ನೀವು ಮುಂದೆ ನೋಡಿ ಓಡಿಸಿ,” ಎಂದರು ಶಶಿಯಕ್ಕ.

ಸಂದರ್ಶನಕ್ಕೆ ಮೂವರು ಕುಳಿತಿದ್ದರು, ಅವರಲ್ಲಿ ಮಹಾವೀರರೂ ಒಬ್ಬರು. ಜೊತೆಗೆ ಒಬ್ಬರು ಬರಬಹುದು ಎಂದಿದ್ದರಿಂದ ನಾನು ಬಾಗಿಲ ಬಳಿಯ ಕುರ್ಚಿಯಲ್ಲಿದ್ದೆ. ದೈಹಿಕ ಶಿಕ್ಷಣ ವಿಭಾಗದ ಮೇಡಂ ಪತ್ರಗಳನ್ನು ಓದಿದರು. ಹಲಸಿನ ಮರದ ಹತ್ತಿರ ತುಟಿ ಸ್ವಲ್ಪ ಅಲುಗಿತು. ಮೂರನೆಯದಕ್ಕೆ ಬಂದಾಗ ತಲೆ ಎತ್ತಿದರು.

“ಇದರಲ್ಲಿ ನೀವು ಸೋತಿದ್ದೀರಿ ಅಂತ ಉಂಟು. ಹೋದ ವಾರ.”

“ಹೌದು ಮೇಡಂ.”

“ಸೋತ ಪತ್ರವನ್ನು ಯಾರೂ ತರುವುದಿಲ್ಲ. ಯಾಕೆ ಸೋತಿರಿ?”

ಅಲ್ಲಿಯವರೆಗೆ ಶಶಿಯಕ್ಕ ಕುರ್ಚಿಯ ತುದಿಯಲ್ಲಿ, ಮಡಿಲಲ್ಲಿ ಕೈ ಕಟ್ಟಿ, ಹೆಸರು ಊರು ಮಾತ್ರ ಹೇಳಿದ್ದರು. ಆ ಪ್ರಶ್ನೆ ಕೇಳಿದ್ದೇ ಎದ್ದು ನಿಂತರು. ಮೇಜಿನ ಮೇಲೆ ಖಾಲಿ ಚಹಾ ಲೋಟಗಳಿದ್ದವು. “ಇದನ್ನು ತಕ್ಕೊಳ್ಳಬಹುದಾ?” ಎಂದು ಕೇಳಿ, ಉತ್ತರ ಬರುವ ಮೊದಲೇ ಸಾಲಾಗಿ ಇಟ್ಟರು. ಲೋಟ ಮೂರೇ ಇತ್ತು. ಪೆನ್ನು, ಸ್ಟೇಪ್ಲರ್, ಮುದ್ರೆಯ ಪೆಟ್ಟಿಗೆ, ಗೋಂದಿನ ಬಾಟಲಿ, ಮಹಾವೀರರ ಕನ್ನಡಕದ ಪೆಟ್ಟಿಗೆ ಎಲ್ಲ ಸೇರಿ ಎಂಟಾಯಿತು.

“ಇದು ನಾನು. ಕೊನೆಗೆ. ಇದು ಹೊಸ ಹುಡುಗಿ,” ಎಂದು ಪೆನ್ನು ಮುಟ್ಟಿದರು. ಪೆನ್ನು ನಾನು. “ತೂಕ ಇಲ್ಲ, ಅಭ್ಯಾಸ ಇಲ್ಲ. ಅವಳನ್ನು ನನ್ನ ಹತ್ತಿರ ಇಟ್ಟುಕೊಂಡರೆ ನೋಡಿಕೊಳ್ಳಬಹುದು ಅಂತ ಆರನೆಯ ಜಾಗಕ್ಕೆ ಹಾಕಿದೆ. ಅದು ತಪ್ಪು. ಅವರು ಎಳೆದು ನಾವು ಮುಂದೆ ಸರಿದರೆ ಹಿಂದಿನವರಿಗೆ ಸಿಗುವುದು ಕಲಸಿ ಹೋದ ನೆಲ, ಮುಂದಿನ ಐದು ಮಂದಿ ಮೆಟ್ಟಿದ ಕೆಸರಿನಲ್ಲಿ ಅವಳು ನಿಲ್ಲಬೇಕು. ಮೂರನೆಯ ಸುತ್ತಿಗೆ ಅವಳ ಕೈ ಸೋತಿತು, ಹಗ್ಗವನ್ನು ಎದೆಗೆ ಎತ್ತಿದಳು. ಹಗ್ಗ ಮೇಲೆ ಹೋದರೆ ಭಾರ ಕಾಲಿಗೆ ಇಳಿಯುವುದಿಲ್ಲ, ತೋಳಿಗೆ ಬರ್ತದೆ. ತೋಳು ಎಷ್ಟು ಹೊತ್ತು ತಡೀತದೆ? ಅವಳನ್ನು ಎರಡನೆಯ ಜಾಗದಲ್ಲಿ ನಿಲ್ಲಿಸಬೇಕಿತ್ತು, ಯಾರೂ ಮೆಟ್ಟದ ನೆಲ ಸಿಕ್ತಿತ್ತು. ಇನ್ನೊಂದು, ಎರಡನೆಯ ಸುತ್ತಿನಲ್ಲಿ ನಾನು ಆಸೆಗೆ ಬಿದ್ದು ಬೇಗ ‘ಈಗ’ ಅಂದೆ. ಅವರ ಉಸಿರು ಮುಗಿಯುವ ಮೊದಲೇ ನಮ್ಮದು ಮುಗೀತು. ಹುಡುಗಿಯದ್ದು ಎಂತದ್ದೂ ತಪ್ಪಿಲ್ಲ ಮೇಡಂ. ನಿಲ್ಲಿಸಿದವಳು ನಾನು.”

ಪೆನ್ನಾಗಿ ಬಿದ್ದುಕೊಂಡಿದ್ದ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಮೇಡಂ ಗೋಂದಿನ ಬಾಟಲಿಯನ್ನು ಸ್ವಲ್ಪ ಎಡಕ್ಕೆ ಸರಿಸಿ, “ಇವರು ಎಡಗೈಯವರಾಗಿದ್ದರೆ?” ಎಂದು ಕೇಳಿದರು. ಅದಕ್ಕೆ ಇನ್ನೊಂದು ಹತ್ತು ನಿಮಿಷ. ಹೊರಗೆ ಮುಂದಿನ ಅಭ್ಯರ್ಥಿ, ಮೂವತ್ತು ವರ್ಷ ಚೆಂಡೆ ಬಾರಿಸಿದವರೊಬ್ಬರು, ಬಾಗಿಲಿನಿಂದ ಎರಡು ಸಲ ಇಣುಕಿ ಹೋದರು. ಕೊನೆಗೆ ಮಹಾವೀರ ಏಳನೆಯ ಜಾಗದಲ್ಲಿದ್ದ ತಮ್ಮ ಕನ್ನಡಕದ ಪೆಟ್ಟಿಗೆಯನ್ನು ಮೆಲ್ಲನೆ ಹಿಂತೆಗೆದುಕೊಂಡರು.

ಗುರುವಾರ ಪಟ್ಟಿ ಅಂಟಿಸಿದರು. ನಾಲ್ಕು ಹೆಸರಿನಲ್ಲಿ ಮೂರನೆಯದು ಶಶಿಪ್ರಭಾ. ಚೆಂಡೆಯವರದ್ದು ಒಂದನೆಯದು. ಶಶಿಯಕ್ಕ ತಮ್ಮ ಹೆಸರನ್ನು ಮೂರು ಸಲ ಓದಿ, ಪಟ್ಟಿಯ ಕೆಳಗಿದ್ದ ವೇಳಾಪಟ್ಟಿಯನ್ನು ಓದಿದರು. ಕೆಲಸದಲ್ಲಿರುವವರಿಗೆ ಅನುಕೂಲವಾಗಲೆಂದು ಈ ನಾಲ್ವರಿಗೂ ತರಗತಿ ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಇಡೀ ದಿನ. ಅರ್ಜಿಯ ಎರಡನೆಯ ಪುಟದಲ್ಲಿ ಅದು ಇತ್ತು. ನಾವಿಬ್ಬರೂ ಓದಿದ್ದೆವು. ಈ ಸೀಮೆಯಲ್ಲಿ ಹಗ್ಗ ಎಳೆಯುವ ದಿನವೂ ಭಾನುವಾರವೇ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

“ಮೂರು ವರ್ಷದ ಭಾನುವಾರ,” ಎಂದರು ಅವರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀನು ಸ್ವಲ್ಪ ಊಟ ಜಾಸ್ತಿ ಮಾಡು.”

ಸಂಜೆ ಸಾಧನಾ ಅವರ ಫೋನು ಬಂತು. ಸುದ್ದಿ ಆಗಲೇ ವೇಣೂರು ತಲುಪಿತ್ತು. ಶಶಿಯಕ್ಕ ತೆಂಗಿನಕಾಯಿ ತುರಿಯುತ್ತಿದ್ದರು, ಫೋನನ್ನು ಸ್ಪೀಕರಿಗೆ ಹಾಕಿ ಹೆರೆಮಣೆಯ ಪಕ್ಕ ಇಟ್ಟರು.

“ನನ್ನ ಕಾಗದದಿಂದ ಸಿಕ್ಕಿದ್ದು, ನೆನಪಿರಲಿ.”

“ನಿನ್ನ ಎರಡನೇ ಪ್ಯಾರಾದಿಂದ.”

“ಇನ್ನು ಭಾನುವಾರ ನೀನು ಬರುವುದಿಲ್ಲವಂತೆ! ನಿಮ್ಮ ಬಂಟ್ವಾಳದವರನ್ನು ನಾನು ಇನ್ನು ಒಂದೇ ಕೈಯಲ್ಲಿ ಎಳೀತೇನೆ.”

“ಎಳಿ.”

ಆ ಕಡೆ ಹಟ್ಟಿಯಲ್ಲಿ ದನ ಕೂಗಿತು.

“ಅಲ್ಲ ಮಾರಾಯ್ತಿ,” ಎಂದರು ಸಾಧನಾ, ದನಿ ಇಳಿಸಿ. “ಲೆಕ್ಕ ಈಗ ಒಂದಕ್ಕೆ ಒಂದು ಉಂಟು. ಅದನ್ನು ಹಾಗೇ ಬಿಟ್ಟು ಮೂರು ವರ್ಷ ಹೇಗೆ ಕೂರುವುದು? ನಿಮ್ಮ ಕಾಲೇಜಿಗೆ ರಜೆ ಗಿಜೆ ಎಂತ ಇಲ್ವಾ?”

ಶಶಿಯಕ್ಕ ತುರಿಯುವುದನ್ನು ನಿಲ್ಲಿಸಿ, ಕೈ ಒರೆಸಿ, ವೇಳಾಪಟ್ಟಿಯನ್ನು ದೀಪದ ಕೆಳಗೆ ಹಿಡಿದರು. ಬೆರಳು ಸಾಲುಸಾಲಾಗಿ ಕೆಳಗಿಳಿಯಿತು.

“ತಡಿ, ನೋಡಿ ಹೇಳ್ತೇನೆ,” ಎಂದರು. “ನವರಾತ್ರಿಗೆ ಎರಡು ಭಾನುವಾರ ರಜೆ ಉಂಟು.”